ಬಿಳಿ ಬೋರ್ಡು, ಇನ್ನೂರು ಕುರ್ಚಿ

ಬಾಡಿಗೆಗೆ ಓಡಬೇಕಾದರೆ ಹಳದಿ ನಂಬರ್ ಬೋರ್ಡು ಬೇಕು, ಅದಿಲ್ಲದೆ ಸಿಕ್ಕಿಬಿದ್ದರೆ ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯುವುದೇ ಗತಿ. ಬಿಳಿ ಬೋರ್ಡಿನ ಪಿಕಪ್ಪಿಗೆ ಇದೆಲ್ಲ ಗೊತ್ತಿತ್ತು. ಹಾಗಾಗಿ ಚೆಕ್‌ಪೋಸ್ಟಿನ ಗೇಟು ಅಡ್ಡ ಬಂದಾಗ ಅದು ಬಹಳ ವಿನಯದಿಂದ ಬ್ರೇಕು ಹಾಕಿ ನಿಂತಿತು.

“ಹಿಂದೆ ಏನು ಹೇರಿದ್ದೀಯ?” ಎಂದು ಗೇಟು ಕೇಳಿತು.

“ಮನೆಯ ಕುರ್ಚಿಗಳು ಸ್ವಾಮಿ. ಯಜಮಾನರ ತಂಗಿಯ ಮದುವೆ.”

“ಇನ್ನೂರು ಕುರ್ಚಿ ಇರುವ ಮನೆಯೇ?”

“ನೆಂಟರು ಜಾಸ್ತಿ.”

ಗೇಟು ಒಪ್ಪಿಕೊಂಡು ನಿಧಾನವಾಗಿ ಮೇಲೆದ್ದಿತು. “ಹೋಗಿ ಬಾ. ಇಲ್ಲಿ ಆಯುಧಪೂಜೆಗೆ ಬಂದವರನ್ನು ಕೂರಿಸಲು ನಮಗೆ ನಾಲ್ಕು ಕುರ್ಚಿಯೂ ಇಲ್ಲ,” ಎಂದು ಗೊಣಗಿತು.

ಪಿಕಪ್ಪಿಗೆ ಹೋದ ಜೀವ ಬಂದಂತಾಯಿತು. “ಒಂದು ಮಾತು ಹೇಳಿ ಕಳಿಸಿ ಸ್ವಾಮಿ, ಇವನ್ನೇ ತಂದಿಳಿಸುತ್ತೇನೆ. ಬೇರೆಯವರಿಗಿಂತ ಬಾಡಿಗೆ ಕಡಿಮೆ,” ಎಂದು ರೂಢಿಯಂತೆ ಹೇಳಿಬಿಟ್ಟಿತು.

ಗೇಟು ಮೇಲೆದ್ದಷ್ಟೇ ನಿಧಾನವಾಗಿ ಕೆಳಗಿಳಿಯಿತು.