ತೊಟ್ಟಿಗೆ ನೀರು ಬಿಡದ ಈಸ್ಟರ್

ಪೂಜ್ಯ ಸುವಾರ್ತಮ್ಮನವರು ನಮ್ಮ ಕಾಲುವೆದಂಡೆಯ ಸಭೆಯಲ್ಲಿ ಬೈಬಲ್ ಅಮ್ಮನಾಗಿ ಬಾಳಿದರು. ಪ್ರಾರ್ಥನಾ ಮಂದಿರದ ಹಿಂಗೋಡೆಗೆ ಒರಗಿಸಿ ಇಳಿಸಿದ ತಗಡಿನ ಚಪ್ಪರವೇ ಅವರ ಮನೆ. ಒಳಗೆ ಒಂದು ಚಾಪೆ, ಒಂದು ಟ್ರಂಕು, ಬಾಗಿಲ ಬಳಿ ದಾರಿಹೋಕರಿಗೂ ಸೇರಿಸಿ ತುಂಬಿಟ್ಟ ನೀರಿನ ಗಡಿಗೆ. ಸಭಾಪಾಲಕರು ಪೇಟೆಯಿಂದ ತಿಂಗಳಿಗೊಮ್ಮೆ ಬಂದು ಪ್ರಸಂಗ ಮಾಡಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ರೋಗಿಗಳ ಬಳಿ ಕೂರುವವರು, ಮಕ್ಕಳಿಗೆ ವಾಕ್ಯ ಕಲಿಸುವವರು, ಅಂಗಳ ಗುಡಿಸುವವರು ಎಲ್ಲ ಅಮ್ಮನವರೇ. ಅವರು ಒಮ್ಮೆಯೂ ಪ್ರಸಂಗಪೀಠ ಹತ್ತಿದವರಲ್ಲ.

ನಮ್ಮ ಬ್ಯಾಪ್ಟಿಸ್ಟ್ ಸಭೆಯಲ್ಲಿ ಯಾರನ್ನೂ ಸಂತರೆಂದು ಕರೆಯುವ ಪದ್ಧತಿ ಇಲ್ಲ. ಪಟ ಇಟ್ಟು ಹೂ ಹಾಕುವುದಿಲ್ಲ, ಅವರ ಹೆಸರಿನಲ್ಲಿ ಹಬ್ಬ ಮಾಡುವುದಿಲ್ಲ. ಆದರೂ ಅಮ್ಮನವರನ್ನು ಕಣ್ಣಾರೆ ಕಂಡವರು ಬೇರೆ ಮಾತು ಸಿಗದೆ ಆ ಮಾತನ್ನೇ ಆಡುತ್ತಾರೆ. ಸಭೆಯ ಹಿರಿಯರು ಕ್ಷಮಿಸಲಿ, ನಾನೂ ಆಡುತ್ತೇನೆ.

ಈ ಘಟನೆಯನ್ನು ನನಗೆ ಹೇಳಿದವರು ಗಿದ್ಯೋನಪ್ಪ ಮೇಸ್ತ್ರಿಯವರು. ಗಾರೆ ಕೆಲಸದಲ್ಲಿ ಅವರನ್ನು ಸರಿಗಟ್ಟುವವರು ಸುತ್ತಲ ಹತ್ತೂರಿನಲ್ಲಿ ಇರಲಿಲ್ಲ, ಸಭೆಯಲ್ಲಿ ಹಿರಿಯರು, ಹಟದಲ್ಲಿ ಎಲ್ಲರಿಗಿಂತ ಹಿರಿಯರು. ಮಂದಿರದ ಪ್ರಸಂಗಪೀಠದ ಹಲಗೆಗಳ ಕೆಳಗೆ ದೀಕ್ಷಾಸ್ನಾನಕ್ಕೆಂದು ಸಿಮೆಂಟಿನ ತೊಟ್ಟಿ ಕಟ್ಟಿದವರು ಅವರೇ. ನಮ್ಮಲ್ಲಿ ಕೂಸುಗಳ ತಲೆಗೆ ನೀರು ಚಿಮುಕಿಸುವುದಿಲ್ಲ. ಬುದ್ಧಿ ಬಂದವರು ತಮ್ಮ ಬಾಯಿಂದಲೇ ನಂಬಿಕೆ ಹೇಳಿ ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಹಿಂದೆ ಅದು ಕಾಲುವೆಯಲ್ಲಿ ನಡೆಯುತ್ತಿತ್ತು. ಎಮ್ಮೆ ತೊಳೆಯಲು ಬಂದವರು ದಡದಲ್ಲಿ ನಿಂತು, "ಸೋಪು ಬೇಕೇನ್ರಿ ಅಯ್ಯನೋರ?" ಎಂದು ಪಾಲಕರನ್ನು ಕೇಳಿ ನಗುತ್ತಿದ್ದರು. ಆ ನಗುವನ್ನು ಮೇಸ್ತ್ರಿಯವರಿಗೆ ಸಹಿಸಲಾಗಲಿಲ್ಲ. ಅದಕ್ಕೇ ತೊಟ್ಟಿ. ನೀರು ತುಂಬಿದರೆ ಒಂದು ಹನಿ ಇಂಗದು ಎಂಬುದು ಅವರ ಹೆಮ್ಮೆ. ಅದು ವರ್ಷವಿಡೀ ಒಣಗಿರುತ್ತಿತ್ತು. ಈಸ್ಟರಿಗೆ ಮಾತ್ರ ತುಂಬುತ್ತಿತ್ತು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಮೇಸ್ತ್ರಿಯವರ ಒಬ್ಬಳೇ ಮಗಳು ರೆಬೆಕ್ಕ. ಹಿಂದಿನ ವರ್ಷ ಅವಳು ಅಕ್ಕಿ ಗಿರಣಿಯ ಲಾರಿ ಓಡಿಸುವ ಹನುಮೇಶನನ್ನು ಮೆಚ್ಚಿ, ತಂದೆಯನ್ನೂ ಸಭೆಯನ್ನೂ ಕೇಳದೆ ಮದುವೆಯಾಗಿದ್ದಳು. ಹುಡುಗ ಬೇರೆ ಧರ್ಮದವನು. ನಮ್ಮ ಸಭೆಯಲ್ಲಿ ಮೇಲಿನಿಂದ ಅಪ್ಪಣೆ ಕೊಡುವ ದೊಡ್ಡ ಗುರುಗಳಿಲ್ಲ. ಹೊಸ ಜಮಖಾನೆ ತರುವುದರಿಂದ ಹಿಡಿದು ಎಲ್ಲಕ್ಕೂ ಸದಸ್ಯರು ಕೂಡಿ ಕೈ ಎತ್ತಬೇಕು. ರೆಬೆಕ್ಕಳನ್ನು ಸಭೆಯಿಂದ ಹೊರಗಿಡಬೇಕೆಂದು ಕೇಳಿದವರು ಸ್ವತಃ ಅವಳ ತಂದೆ. ಮೊದಲು ಎದ್ದ ಕೈಯೂ ಅವರದೇ. ತಂದೆಯೇ ಎತ್ತಿದ ಮೇಲೆ ನಮ್ಮದೇನು ಎಂದು ಉಳಿದವರೂ ಎತ್ತಿದರು. ಸುವಾರ್ತಮ್ಮನವರು ಮಾತ್ರ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದರು.

ಆಮೇಲೆ ಮೇಸ್ತ್ರಿಯವರು ಮಗಳ ಮುಖ ನೋಡಲಿಲ್ಲ. ಅವಳು ಗರ್ಭಿಣಿಯಾದ ಸುದ್ದಿ ಬಂತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಎಲ್ಲ ಜಾತಿ ಮತದವರೂ ನಡೆಸಿಕೊಂಡು ಬಂದ ರೂಢಿ. ಹನುಮೇಶನಿಗೆ ತಾಯಿ ಇರಲಿಲ್ಲ, ಅವನ ಬದುಕೆಲ್ಲ ರಸ್ತೆಯ ಮೇಲೆ. ಗಿರಣಿಯ ಹಿಂದಿನ ಒಂದು ಕೋಣೆಯಲ್ಲಿ ಹುಡುಗಿ ಒಬ್ಬಳೇ. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಎಂಟು ತುಂಬಿದ ಹೊಟ್ಟೆ ಹೊತ್ತು ತವರಿಗೆ ಬಂದಳು. ಮೇಸ್ತ್ರಿಯವರು ಒಳಗಿನಿಂದ ಅಗಳಿ ಹಾಕಿ, ತೆರೆಯಲು ಎದ್ದ ಹೆಂಡತಿ ಮಾರ್ತಮ್ಮನನ್ನು ಕಣ್ಣಿನಲ್ಲೇ ಕೂರಿಸಿದರು. ಮಗಳು ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತು, "ಯವ್ವಾ" ಎಂದು ಒಂದು ಸಲ ಕರೆದು, ಹಿಂದಿರುಗಿದಳು. ಆವತ್ತಿನಿಂದ ಮಾರ್ತಮ್ಮ ಗಂಡನಿಗೆ ಊಟ ಬಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ.

ಆ ವರ್ಷದ ಈಸ್ಟರ್ ಬಂತು. ಬೇವು ಹೂಬಿಟ್ಟು ಮಂದಿರದ ಅಂಗಳದಲ್ಲೆಲ್ಲ ಬಿಳಿಯ ಹೂ ಉದುರಿತ್ತು. ಅಮ್ಮನವರು ಗುಡಿಸಿದಷ್ಟೂ ಉದುರುತ್ತಿತ್ತು. ಹೊಂಗೆ ಹೊಸ ಎಲೆ ತಳೆದಿತ್ತು. ಬೇಸಿಗೆಯ ಭತ್ತ ತೆನೆ ಬಿಡುವ ಹೊತ್ತು, ಕಾಲುವೆಯಲ್ಲಿ ಇನ್ನೂ ನೀರಿತ್ತು. ಗುಬ್ಬಿಗಳು ಹುಲ್ಲು ಕಚ್ಚಿ ತಂದು ಮಂದಿರದ ಜಂತೆಯ ಸಂದಿಗೆ ತುರುಕುತ್ತ, ಪ್ರಾರ್ಥನೆಯ ನಡುವೆಯೂ ಜಗಳವಾಡುತ್ತಿದ್ದವು. ನಾಲ್ವರು ದೀಕ್ಷಾಸ್ನಾನಕ್ಕೆ ಸಿದ್ಧರಾಗಿದ್ದರು.

ಶುಭ ಶುಕ್ರವಾರದ ಆರಾಧನೆ ಮುಗಿದ ಮೇಲೆ ಸಂಜೆ ಮೇಸ್ತ್ರಿಯವರು ಪೀಠದ ಹಲಗೆ ತೆಗೆದು, ತೊಟ್ಟಿಗಿಳಿದು, ತಿಕ್ಕಿ ತೊಳೆದರು. ವಾಸನೆ ಹೋಗಲಿ ಎಂದು ಹಲಗೆಗಳನ್ನೂ ಪಕ್ಕದ ಬಾಗಿಲನ್ನೂ ತೆರೆದೇ ಬಿಟ್ಟು ಮನೆಗೆ ಹೋದರು. ಶನಿವಾರ ಬೆಳಿಗ್ಗೆ ನೀರು ಬಿಡಲು ಪೈಪು ಹೊತ್ತು ಬಂದರೆ, ತೊಟ್ಟಿಯ ಮೂಲೆಯಲ್ಲಿ ಒಂದು ಕಂದು ಬಣ್ಣದ ಬೀದಿನಾಯಿ ಮರಿ ಹಾಕಿಕೊಂಡು ಮಲಗಿತ್ತು. ಕಣ್ಣು ಬಿಡದ ಮರಿಗಳು ಅದರ ಹೊಟ್ಟೆಗೆ ಮುಗಿಬಿದ್ದಿದ್ದವು. ಮೇಲಿನ ಮೆಟ್ಟಿಲ ಮೇಲೆ ಸುವಾರ್ತಮ್ಮನವರು ಕೂತು ತಮ್ಮ ಪಾಲಿನ ಗಂಜಿಯನ್ನು ತೆಂಗಿನ ಚಿಪ್ಪಿಗೆ ಬಗ್ಗಿಸುತ್ತಿದ್ದರು.

"ಅಮ್ಮಾರ, ಇದು ಮಂದಿ ಪಾಪ ತೊಳಿಯೋ ಜಾಗ. ನಾಯಿ ಬಾಣಂತನ ಮಾಡೋ ಜಾಗ ಅಲ್ಲ" ಎಂದರು ಮೇಸ್ತ್ರಿಯವರು.

"ಹೆತ್ತಾಕಿ ಆಕಿ. ಎಬ್ಬಸಬಾರದು" ಎಂದಷ್ಟೇ ಹೇಳಿ ಅಮ್ಮನವರು ಚಿಪ್ಪನ್ನು ಮುಂದೆ ಸರಿಸಿದರು.

ಮೇಸ್ತ್ರಿಯವರು ಗೋಣಿಚೀಲ ತಂದರು, ಕೋಲು ತಂದರು. ಯಾರು ಕಲ್ಲೆತ್ತಿದರೂ ಬಾಲ ಮುದುರಿ ಓಡುತ್ತಿದ್ದ ನಾಯಿ ಅಂದು ಓಡಲಿಲ್ಲ. ಹಲ್ಲು ತೋರಿಸಿ, ಮರಿಗಳ ಮೇಲೆ ಅಡ್ಡ ಮಲಗಿತು. ಎರಡು ಮೆಟ್ಟಿಲು ಇಳಿದ ಮೇಸ್ತ್ರಿಯವರು ಎರಡೂ ಮೆಟ್ಟಿಲು ಹತ್ತಿದರು. ಅಮ್ಮನವರನ್ನು ದಾಟಿ ಹೋಗುವ ಧೈರ್ಯ ಅವರಿಗೂ ಇರಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಕೊನೆಗೆ ನಮ್ಮ ಸಭೆಯವರು ಮಾತ್ರ ಮಾಡಬಹುದಾದ ಒಂದು ಕೆಲಸ ಮಾಡಿದರು. ನಾಯಿಯ ವಿಷಯವನ್ನು ಸಭೆಯ ತೀರ್ಮಾನಕ್ಕೆ ಇಟ್ಟರು.

ಹಬ್ಬಕ್ಕೆ ಮಾವಿನೆಲೆ ಕಟ್ಟಲು ಬಂದಿದ್ದ ಸದಸ್ಯರೆಲ್ಲ ಪೀಠದ ಸುತ್ತ ಕೂಡಿದರು. ಇಣುಕಿದವರಲ್ಲಿ ಕೆಲವರಿಗೆ ನಗು, ಕೆಲವರಿಗೆ ಅಸಹ್ಯ. "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರ, ಇದಕ್ಕೂ ಇದರ ಮರಿ ಮುದ್ದು. ಬಿಡ್ರಪ್ಪ" ಎಂದಳು ಒಬ್ಬ ಮುದುಕಿ. ಮೇಸ್ತ್ರಿಯವರು ಆ ಕಡೆ ನೋಡಲಿಲ್ಲ.

"ನಾಳೆ ನಾಲ್ಕು ಮಂದಿ ದೀಕ್ಷಾಸ್ನಾನ ಐತಿ. ಪಾಲಕರು ಬರ್ತಾರ. ಊರಾಗ ಇಷ್ಟು ಹಾಳುಮನಿ ಅದಾವ, ಹುಲ್ಲಿನ ಬಣವಿ ಅದಾವ. ಇದು ಇಲ್ಲಿಗೇ ಯಾಕ ಬರಬೇಕು? ಯಾರರ ಹೇಳ್ರಿ ನೋಡೋಣು. ಹೊರಗ ಹಾಕಬೇಕು ಅನ್ನೋರು ಕೈ ಎತ್ರಿ" ಎಂದು ತಮ್ಮ ಕೈಯನ್ನು ಎತ್ತಿದರು. ಹತ್ತಿರದ ಒಂದೆರಡು ಕೈಗಳು ಅರ್ಧಕ್ಕೆ ಎದ್ದವು.

ಅಮ್ಮನವರು ಮೆಟ್ಟಿಲಿನಿಂದ ಏಳಲಿಲ್ಲ. ಮೇಸ್ತ್ರಿಯವರ ಮುಖ ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಹೇಳುವವರಂತೆ ಮೆಲ್ಲಗೆ ಅಂದರು:

"ಬಾಗ್ಲಾ ತೆರದಿತ್ತು, ತಮ್ಮಾ. ಅದಕ್ಕ ಬಂದ್ಲು."

ಇಷ್ಟೇ ಮಾತು. ರೆಬೆಕ್ಕಳ ಹೆಸರನ್ನು ಅವರು ಎತ್ತಲಿಲ್ಲ, ಎತ್ತಬೇಕೆಂದು ಅವರ ಮನಸ್ಸಿನಲ್ಲಿ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಆದರೆ ಮೇಸ್ತ್ರಿಯವರಿಗೆ ತಮ್ಮ ಮನೆಯ ಅಗಳಿ ಬಿದ್ದ ಸದ್ದು ಆ ಕ್ಷಣದಲ್ಲಿ ಕಿವಿಯಲ್ಲಿ ಕೇಳಿಸಿತಂತೆ. "ಎತ್ತಿದ ಕೈ ನಂದೇ ಅನ್ಸಲಿಲ್ಲ. ಅದನ್ನ ಇಳಸಾಕ ಭಾಳ ಹೊತ್ತಾತು" ಎಂದು ಅವರು ನನಗೆ ಹೇಳುವಾಗ ಮುದುಕರಾಗಿದ್ದರು. ಎತ್ತಿದವರನ್ನೂ ಎತ್ತದವರನ್ನೂ ಅಲ್ಲೇ ಬಿಟ್ಟು, ಪೈಪನ್ನೂ ಬಿಟ್ಟು, ಅವರು ಹೊರಗೆ ನಡೆದರು.

ಸಭೆಯವರು ಮೇಸ್ತ್ರಿ ಮುನಿಸಿಕೊಂಡು ಹೋದರೆಂದೇ ತಿಳಿದರು. ಮುನಿದವರ ಬೆನ್ನು ಹತ್ತಲು ಯಾರಿಗೂ ಮನಸ್ಸಾಗಲಿಲ್ಲ. ತೊಟ್ಟಿಯ ಮೇಲೆ ಗಾಳಿಯಾಡುವಷ್ಟು ಸಂದು ಬಿಟ್ಟು ಹಲಗೆ ಹೊದಿಸಿದರು. ದೀಕ್ಷಾಸ್ನಾನ ಹಿಂದಿನಂತೆ ಕಾಲುವೆಯಲ್ಲೇ ಆಗಲಿ ಎಂದರು. ಮಾರನೆಯ ದಿನ ಪಾಲಕರು ಪುನರುತ್ಥಾನದ ಪ್ರಸಂಗ ಮಾಡುವಾಗ ಕಾಲ ಕೆಳಗಿನಿಂದ ಕುಂಯ್ ಕುಂಯ್ ಎಂಬ ಆಮೆನ್ ಬರುತ್ತಿತ್ತೆಂದು ನಮ್ಮೂರ ಹಿರಿಯರು ಇಂದಿಗೂ ಹೇಳಿ ನಗುತ್ತಾರೆ.

ಮೇಸ್ತ್ರಿಯವರು ಹೋದದ್ದು ಅಕ್ಕಿ ಗಿರಣಿಗೆ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಜೋಡಿಸಿಕೊಂಡು ಹೋದರಂತೆ. ಹೋಗಿ ನೋಡಿದರೆ ಮಗಳು ಕೋಣೆಯ ಹೊಸ್ತಿಲಲ್ಲಿ ಕೂತು ಊದಿದ ಕಾಲುಗಳನ್ನು ತಾನೇ ನೀವಿಕೊಳ್ಳುತ್ತಿದ್ದಳು. ಜೋಡಿಸಿದ ಮಾತೆಲ್ಲ ಮರೆತುಹೋಯಿತು.

"ನಡಿಯವ್ವ ಮನಿಗೆ. ನಿಮ್ಮವ್ವ ನೀರು ಕಾಸಾಕ ಹತ್ಯಾಳ" ಎಂದುಬಿಟ್ಟರು. ಮಾರ್ತಮ್ಮನಿಗೆ ಇದರ ಸುಳಿವೇ ಇರಲಿಲ್ಲ. ಸಭೆಯ ಹಿರಿಯರೊಬ್ಬರು ಹಬ್ಬದ ಹಿಂದಿನ ದಿನ ಸುಳ್ಳಾಡಿದ್ದು ಅದೊಂದೇ ಸಲ ಇರಬೇಕು.

ರೆಬೆಕ್ಕ ತಂದೆಯ ಮುಖವನ್ನೇ ನೋಡುತ್ತ ಕೂತಳು. "ಅಪ್ಪಾ, ಸಭ್ಯಾಗ ಏನಂತಾರ?"

"ಏನರ ಅನ್ಲಿ. ತಪ್ಪು ನಂದು, ಮನೀನೂ ನಂದು."

ಅವಳು ಅತ್ತಳು. ಅವರೂ ಅತ್ತರು. ಆಮೇಲೆ ಅವಳ ಎರಡು ಸೀರೆಗಳನ್ನು ಗಂಟು ಕಟ್ಟಿದವರು ಮೇಸ್ತ್ರಿಯವರೇ. ಹೊರಡುವಾಗ ಗಿರಣಿಯ ಕಾವಲುಗಾರನ ಬಳಿ ನಿಂತು, "ನಮ್ಮ ಅಳಿಯಾರು ಬಂದ್ರ ಹೇಳ್ರಿ, ತವರಿನವರು ಕರಕೊಂಡು ಹೋಗ್ಯಾರ ಅಂತ" ಎಂದರು. ಅಳಿಯ ಎಂಬ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಮಗಳು ಬೇರೆ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡಳು.

ಬಾಡಿಗೆಯ ಟಂಟಂ ಆಟೊ ಮನೆಯ ಮುಂದೆ ನಿಂತಾಗ ಮಾರ್ತಮ್ಮ ಹಬ್ಬಕ್ಕೆ ಬೇಳೆ ಆರಿಸುತ್ತಿದ್ದರು. ಮಗಳನ್ನೂ ಗಂಟು ಹಿಡಿದ ಗಂಡನನ್ನೂ ನೋಡಿದರು. ಎದ್ದು ಹೋಗಿ ಒಲೆಗೆ ಹಂಡೆ ಏರಿಸಿದರು.

ಇನ್ನು ಉಳಿದದ್ದು ಈಸ್ಟರ್ ಬೆಳಗು. ನಮ್ಮಲ್ಲಿ ಆ ದಿನ ಮೂಡಣ ಬೆಳ್ಳಗಾಗುವ ಹೊತ್ತಿಗೆ ಸಭೆಯವರು ತಾಳ ಹಿಡಿದು ಹಾಡುತ್ತ ಓಣಿ ಓಣಿ ಸುತ್ತಿ, ಮಂದಿರ ಸೇರುತ್ತಾರೆ. ಒಬ್ಬೊಬ್ಬ ಸದಸ್ಯರ ಮನೆ ಮುಂದೆ ನಿಂತು "ಪ್ರಭು ಎದ್ದಿದ್ದಾನೆ" ಎಂದು ಕೂಗುತ್ತಾರೆ. ಮನೆಯವರು ಬಾಗಿಲು ತೆಗೆದು "ನಿಜವಾಗಿ ಎದ್ದಿದ್ದಾನೆ" ಎಂದು ಉತ್ತರ ಕೊಟ್ಟು ಗುಂಪಿಗೆ ಕೂಡಿಕೊಳ್ಳುತ್ತಾರೆ. ಪ್ರತಿ ವರ್ಷ ಗುಂಪಿನ ಮುಂದೆ ತಾಳ ಹಾಕುತ್ತ ನಡೆಯುವವರು ಗಿದ್ಯೋನಪ್ಪ ಮೇಸ್ತ್ರಿಯವರು. ಅಂದು ಅವರು ಬರಲಿಲ್ಲ. ಅವರ ಮನೆಯಲ್ಲಿ ಯಾರಿದ್ದಾರೆಂಬ ಸುದ್ದಿ ಅಷ್ಟರಲ್ಲಿ ಓಣಿಯೆಲ್ಲ ಹರಡಿತ್ತು. ಹೊರಗಿಟ್ಟವಳನ್ನು ಸಭೆಯನ್ನು ಕೇಳದೆ ಒಳಗೆ ಕರೆದುಕೊಂಡ ಹಿರಿಯರ ಮನೆ ಮುಂದೆ ನಿಲ್ಲುವುದೋ, ದಾಟಿ ಹೋಗುವುದೋ ಎಂದು ಗುಂಪಿನಲ್ಲಿ ಗುಸುಗುಸು ನಡೆದಿತ್ತು. ಒಳಗೆ ಕತ್ತಲಲ್ಲಿ ಕೂತ ಮೇಸ್ತ್ರಿಯವರಿಗೆ ಹಾಡು ಹತ್ತಿರವಾಗುವುದು ಕೇಳಿಸುತ್ತಿತ್ತು. ದಾಟಿ ಹೋಗುತ್ತಾರೆ ಎಂದೇ ಅವರು ಎದೆ ಗಟ್ಟಿ ಮಾಡಿಕೊಂಡಿದ್ದರು.

ಹಾಡು ಬಾಗಿಲ ಮುಂದೆ ನಿಂತಿತು. ಸುವಾರ್ತಮ್ಮನವರು ಅಲ್ಲಿ ಬಂದು ಸುಮ್ಮನೆ ನಿಂತುಬಿಟ್ಟಿದ್ದರು. ಅವರನ್ನು ದಾಟಿ ಮುಂದೆ ಹೆಜ್ಜೆ ಇಡಲು ಯಾರಿಗೂ ಆಗಲಿಲ್ಲ. ಒಬ್ಬರು ಅಳುಕುತ್ತಲೇ ಕೂಗಿದರು, "ಪ್ರಭು ಎದ್ದಿದ್ದಾನೆ."

ಬಾಗಿಲು ತೆರೆಯಿತು. ಮೇಸ್ತ್ರಿಯವರು ಹೊಸ್ತಿಲ ಮೇಲೆ ನಿಂತರು. ಉತ್ತರದ ಮಾತು ಅವರಿಗೆ ಹುಟ್ಟಿನಿಂದ ಬಾಯಿಪಾಠ. ಆದರೆ ಬಾಯಿ ತೆರೆದಾಗ ಬಂದ ಮಾತು ಬೇರೆ.

"ನನ್ನ ಮಗಳು ಮನಿಗೆ ಬಂದಾಳ" ಎಂದರು.

ತಾಳ ಹಿಡಿದವರು ತಾಳ ಹಿಡಿದೇ ನಿಂತರು. ಕೆಲವರು ನೆಲ ನೋಡಿದರು. ಆಗ ಅಮ್ಮನವರು ಮುಂದೆ ಬಂದು, ಮೇಸ್ತ್ರಿಯವರ ತಲೆಯ ಮೇಲೆ ಕೈ ಇಟ್ಟು, ಆ ಮನೆಯವರ ಪರವಾಗಿ ತಾವೇ ಉತ್ತರ ಕೊಟ್ಟರು.

"ಹಂಗಾದ್ರ ನಿಜವಾಗಿ ಎದ್ದಿದ್ದಾನ."

ಆ ಮಾತಿನ ಮೇಲೆ ಯಾರಿಗೂ ಕೈ ಎತ್ತಿಸುವ ಅಗತ್ಯ ಕಾಣಲಿಲ್ಲ. ನಿನ್ನೆ ನಾಯಿಯ ಪರ ಮಾತಾಡಿದ ಮುದುಕಿಯೇ ಮೊದಲು ಒಳಗೆ ಹೋಗಿ ರೆಬೆಕ್ಕಳ ಕೈ ಹಿಡಿದು ಹೊರಗೆ ಕರೆತಂದಳು. ಗುಂಪು ಮತ್ತೆ ಹಾಡುತ್ತ ಮಂದಿರದ ಕಡೆ ಹೊರಟಿತು. ಮುಂದೆ ನಡೆಯಿರೆಂದು ಯಾರೋ ಮೇಸ್ತ್ರಿಯವರ ಕೈಗೆ ತಾಳ ಕೊಡಲು ಬಂದರು, ಅವರು ತೆಗೆದುಕೊಳ್ಳಲಿಲ್ಲ. ತುಂಬು ಬಸುರಿ ಬೇಗ ನಡೆಯಲಾರಳು. ಹಾಡು ಮುಂದಿನ ಓಣಿಗೆ ತಿರುಗಿ ಹೋದರೂ, ಗಿದ್ಯೋನಪ್ಪ ಮೇಸ್ತ್ರಿಯವರು ಎಲ್ಲರಿಗಿಂತ ಹಿಂದೆ, ಮಗಳ ಹೆಜ್ಜೆಗೆ ಹೆಜ್ಜೆ ಹಾಕುತ್ತ, ದಾರಿಯಲ್ಲಿ ಕಲ್ಲು ಕಂಡರೆ ಕಾಲಿನಿಂದ ಬದಿಗೆ ಸರಿಸುತ್ತ ಬಂದರು.