ಹಾಲಮ್ಮನ ಭಟ್ಟಿಗೆ ವಿಮೆ ಮಾಡಿಸಿದ್ದು

ಮಂಡಕ್ಕಿ ಮುಕ್ಕುತ್ತಾ ಕೇಳುವ ಕತೆ ಇದು. ಕೈಯಲ್ಲಿ ಮಂಡಕ್ಕಿ ಇಲ್ಲದವರು ಬರೀ ಕಿವಿ ಕೊಟ್ಟರೂ ನಡೆದೀತು.

ದಾವಣಗೆರೆಯ ಒಂದು ಓಣಿಯಲ್ಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಅವನು ಬಿಟ್ಟುಹೋದದ್ದು ಒಂದು ಮಂಡಕ್ಕಿ ಭಟ್ಟಿ, ಒಬ್ಬ ಮಗ. ಭಟ್ಟಿ ಅಂದರೆ ತಗಡಿನ ಶೆಡ್ಡು, ಒಳಗೆ ಕಾದ ಮರಳಲ್ಲಿ ಅಕ್ಕಿ ಹುರಿಯುವ ಒಲೆ, ಒಲೆಗೆ ಉರುವಲಾಗಿ ಭತ್ತದ ಹೊಟ್ಟಿನ ಗುಡ್ಡೆ. ಮಗ ಅಂದರೆ ಬಕ್ಕೇಶ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ ಮಾತು ಒಂದಿಷ್ಟೂ ಮೀರುತ್ತಿರಲಿಲ್ಲ, ಅದೇ ಹಾಲಮ್ಮನ ದುಃಖ. ಮಾತು ಕೇಳದ ಮಕ್ಕಳನ್ನು ಹೆತ್ತವರನ್ನು ಕಂಡರೆ ಅವಳಿಗೆ ಹೊಟ್ಟೆಕಿಚ್ಚು.

ಪಕ್ಕದ ಓಣಿಯ ಭಟ್ಟಿಯೊಂದು ಸುಟ್ಟು ಬೂದಿಯಾದ ಮೇಲೆ ಹಾಲಮ್ಮನಿಗೆ ನಿದ್ದೆ ಹತ್ತಲಿಲ್ಲ. ಭಟ್ಟಿ ಹೋದರೆ ಈ ಮಗನನ್ನು ಕಟ್ಟಿಕೊಂಡು ಎಲ್ಲಿ ಬದುಕುವುದು? ಏಜೆಂಟ್ ಶೇಖರಪ್ಪನವರನ್ನು ಕರೆಸಿ ಬೆಂಕಿ ವಿಮೆ ಮಾಡಿಸಿದಳು. ಶೇಖರಪ್ಪ ಜಗಲಿ ಮೇಲೆ ಕೂತು ಷರತ್ತುಗಳನ್ನೆಲ್ಲ ಬಿಡಿಸಿ ಹೇಳಿದರು. ಇವುಗಳಲ್ಲಿ ಒಂದು ತಪ್ಪಿದರೂ ಕಂಪನಿ ಪರಿಹಾರ ಕೊಡದೆ ಹೋಗಬಹುದು, ಹುಷಾರು ಅಂದರು. ಹಾಲಮ್ಮ ಮಗನ ಕಡೆ ನೋಡಿದಳು.

"ಮೊದಲನೇದು ನೆನಪಿಟ್ಕೊಳಪ್ಪಾ" ಅಂದರು ಶೇಖರಪ್ಪ ಬಕ್ಕೇಶನಿಗೆ. "ನಷ್ಟ ಆಗ್ತಿದ್ದಂಗೆ ಬಂದು ತಿಳಿಸ್ಬೇಕು. ತಡ ಮಾಡಂಗಿಲ್ಲ."

ವಾರ ಕಳೆದಿರಲಿಲ್ಲ, ಅಂಗಳದಲ್ಲಿ ಹರವಿದ ಭತ್ತಕ್ಕೆ ಯಾರದೋ ಎಮ್ಮೆ ಬಾಯಿ ಹಾಕಿತು. ಕಾವಲಿಗಿದ್ದ ಬಕ್ಕೇಶ ಎದ್ದ. ಎಮ್ಮೆಯನ್ನು ಹೊಡೆದೋಡಿಸಿದನೇ? ಇಲ್ಲ. ಶೇಖರಪ್ಪನವರ ಮನೆಗೆ ಓಡಿದ. ಅವರು ಉಣ್ಣುತ್ತಿದ್ದರು. ಸಾರ್, ನಷ್ಟ ಆಗ್ತಾ ಐತೆ ಅಂದ. ಅವರು ಅರ್ಧ ಊಟಕ್ಕೆ ಕೈ ತೊಳೆದು ಬರುವಷ್ಟರಲ್ಲಿ ಎಮ್ಮೆ ಭತ್ತ ಮುಗಿಸಿ, ಅಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು. ಇದು ಬೆಂಕಿಗೆ ಮಾಡಿಸಿದ ವಿಮೆ ತಾಯಿ, ಎಮ್ಮೆಗಲ್ಲ ಅಂತ ಶೇಖರಪ್ಪ ಹೊರಟುಹೋದರು.

ಹಾಲಮ್ಮ ಹಣೆ ಹಣೆ ಬಡಿದುಕೊಂಡಳು. ಅಯ್ಯೋ ಪೆದ್ದಪ್ಪಾ, ಹೇಳೋಕೆ ಓಡೋದಲ್ಲ, ಮೊದಲು ಸಾಮಾನು ಉಳಿಸ್ಕೋಬೇಕು. ಏನೇ ಆದರೂ ಕೈಗೆ ಸಿಕ್ಕಿದ್ದನ್ನ ಹೊರಗೆ ಸಾಗಿಸು ಅಂದಳು. ಆಗಲಿ ಅವ್ವಾ, ಹಂಗೇ ಮಾಡ್ತೀನಿ ಅಂದ ಬಕ್ಕೇಶ.

ಹಂಗೇ ಮಾಡಿದ. ಹಾಲಮ್ಮ ಸಂತೆಗೆ ಹೋದ ದಿನ ಜೋರು ಮಳೆ ಹಿಡಿಯಿತು. ತಗಡಿನ ಮೇಲೆ ಸದ್ದು ಕೇಳಿದ್ದೇ ತಡ, ಬಕ್ಕೇಶ ಒಳಗಿದ್ದ ಮಂಡಕ್ಕಿ ಚೀಲಗಳನ್ನೆಲ್ಲ ಬೆನ್ನ ಮೇಲೆ ಹೊತ್ತು ಹೊರಗೆ ಸಾಗಿಸಿದ. ಅವ್ವ ನೆನೆಯುತ್ತಾ ಬಂದು ನೋಡಿದರೆ ಮಂಡಕ್ಕಿ ಅಂಗಳದಲ್ಲಿ ನೆನೆದು ಮುದ್ದೆಯಾಗಿದೆ, ಮಗ ಒಳಗೆ ಬೆಚ್ಚಗೆ ನಿಂತಿದ್ದಾನೆ. ಒಂದು ಚೀಲಾನೂ ಒಳಗೆ ಬಿಟ್ಟಿಲ್ಲ ಅವ್ವಾ ಅಂದ, ಹೆಮ್ಮೆಯಿಂದ.

ಹಾಲಮ್ಮನಿಗೆ ಅಳು ಬಂತು, ಬೈಗುಳವೂ ಬಂತು. ಎರಡೂ ಮುಗಿದ ಮೇಲೆ ಹೇಳಿದಳು: ಮಂಡಕ್ಕಿಗೆ ನೀರು ತಗಲಬಾರದು ಕಣೋ, ಏನೇ ಆಗಲಿ, ಯಾರೇ ಬರಲಿ, ಒಂದು ಹನಿ ತಗಲಬಾರದು. ಆಗಲಿ ಅವ್ವಾ, ಹಂಗೇ ಮಾಡ್ತೀನಿ ಅಂದ ಬಕ್ಕೇಶ.

ಆಮೇಲೆ ಬಂತು ನೋಡಿ, ಬರಬಾರದ ದಿನ. ಮಟಮಟ ಮಧ್ಯಾಹ್ನ ಗಾಳಿ ಎದ್ದು ಒಲೆಯ ಕಿಡಿ ಹೊಟ್ಟಿನ ಗುಡ್ಡೆಗೆ ಹಾರಿತು. ಹೊಗೆ ಕಂಡು ಓಣಿಯ ಜನವೆಲ್ಲ ಕೊಡ, ಬಕೆಟ್ಟು ಹಿಡಿದು ಬಂದರು. ಬಕ್ಕೇಶ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತಿದ್ದ. ಒಳಗೆ ಮಂಡಕ್ಕಿ ಐತೆ, ಒಂದು ಹನಿ ನೀರೂ ಬಿಡಲ್ಲ ಅಂದ. ಬೇಡಿಕೊಂಡರು, ಗದರಿದರು, ಜಗ್ಗಲಿಲ್ಲ. ಕೊನೆಗೆ ಹಾಲಮ್ಮ ತುಂಬಿದ ಕೊಡವನ್ನು ಮಗನ ತಲೆ ಮೇಲೇ ಸುರಿದು, ಅವನು ಕಣ್ಣೊರೆಸಿಕೊಳ್ಳುವಾಗ ಪಕ್ಕಕ್ಕೆ ದಬ್ಬಿದಳು. ಜನ ನುಗ್ಗಿದರು. ಬೆಂಕಿ ಆರಿತು. ಅರ್ಧ ಶೆಡ್ಡು ಹೋಗಿತ್ತು, ಚೀಲಗಳು ಕರಕಲಾಗಿದ್ದವು. ಯಾರಿಗೂ ಏನೂ ಆಗಿರಲಿಲ್ಲ, ಅದೊಂದು ಪುಣ್ಯ.

ಶೇಖರಪ್ಪ ಓಡಿಬಂದರು. ನಷ್ಟ ಎಷ್ಟಾಯಿತು ಅಂತ ಲೆಕ್ಕ ಹಾಕೋ ಸರ್ವೇಯರ್ ಸಾಹೇಬರು ಬಂದು ನೋಡುವವರೆಗೆ ಏನನ್ನೂ ಮುಟ್ಟಬೇಡಿ, ಎಲ್ಲ ಇದ್ದ ಹಾಗೇ ಇರಲಿ ಅಂದರು. ಬಕ್ಕೇಶ ತಲೆ ಆಡಿಸಿದ.

ಹಾಲಮ್ಮ ಹುಟ್ಟಿದಾಗಿನಿಂದ ಕಲಿತದ್ದು ಬೇರೆ. ದೊಡ್ಡವರು ಮನೆಗೆ ಬರುತ್ತಾರೆ ಅಂದರೆ ಗುಡಿಸಿ ಸಾರಿಸಿ, ಬಾಗಿಲಿಗೆ ರಂಗೋಲಿ ಹಾಕಬೇಕು. ಬೂದಿ ರಾಶಿಯ ಮುಂದೆ ಸಾಹೇಬರನ್ನು ಹೇಗೆ ನಿಲ್ಲಿಸುವುದು? ಏಜೆಂಟರ ಮಾತು ಮರೆತು, ಬೆಳಿಗ್ಗೆ ಎದ್ದವಳೇ ಪೊರಕೆ ಹಿಡಿದಳು. ಬಕ್ಕೇಶ ಕಸಿದುಕೊಂಡ. ಸುಟ್ಟ ಚೀಲ ತಿಪ್ಪೆಗೆ ಎಸೆಯಹೋದಳು, ಅದರ ಮೇಲೆ ಕೂತುಬಿಟ್ಟ. ಮುಖನಾದ್ರೂ ತೊಳಿಯೋ ಅಂದರೆ, ಇದ್ದ ಹಾಗೇ ಇರಬೇಕಂತೆ ಅಂತ ಮಸಿ ಮೋರೆಯಲ್ಲೇ ಇದ್ದ. ಅಂಗಳಕ್ಕೆ ಬಂದ ಕೋಳಿಗೂ ಒಂದು ಕಾಳು ಮುಟ್ಟಗೊಡಲಿಲ್ಲ. ಎಲ್ಲ ಮುಗಿಯಿತು, ಈ ಗಲೀಜು ನೋಡಿ ಸಾಹೇಬರು ಹಾಗೇ ತಿರುಗಿ ಹೋಗ್ತಾರೆ ಅಂತ ಹಾಲಮ್ಮ ಕಂಬಕ್ಕೊರಗಿ ಕೂತಳು.

ಸಾಹೇಬರು ಬಂದರು. ಬೂದಿ ಕೆದಕಿದರು, ಕಿಡಿ ಹಾರಿದ ಜಾಗ ನೋಡಿದರು, ಕರಕಲು ಚೀಲ ಒಂದೊಂದನ್ನೇ ಎತ್ತಿ ನೋಡಿದರು. ಅವರ ಮುಖ ಅರಳಿತು. ಎಲ್ಲ ಕಡೆ ಗುಡಿಸಿ ಎಸೆದುಬಿಟ್ಟಿರುತ್ತಾರೆ, ಆಮೇಲೆ ಎಷ್ಟು ಸುಟ್ಟಿತು ಅಂತ ಹೇಳೋದೇ ಕಷ್ಟ. ಇಲ್ಲಿ ಎಲ್ಲ ಕಣ್ಣೆದುರಿಗಿದೆ ಅಂದರು. ಹಾಲಮ್ಮ ನೆಟ್ಟಗೆ ಕೂತಳು.

ಅಷ್ಟರಲ್ಲಿ ಅವರು ಕೇಳಬಾರದ್ದನ್ನು ಕೇಳಿದರು. ಬೆಂಕಿ ಆರಿಸೋಕೆ ತಡ ಯಾಕಾಯಿತು?

"ನಾನೇ ನೀರು ಹಾಕಾಕೆ ಬಿಡ್ಲಿಲ್ಲ ಸಾರ್" ಅಂದ ಬಕ್ಕೇಶ. "ಮಂಡಕ್ಕಿ ನೆನಿಬಾರದು ಅಂತ ಅವ್ವ ಹೇಳಿತ್ತು."

ಹೋಯಿತು, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂದುಕೊಂಡಳು ಹಾಲಮ್ಮ. ಸಾಹೇಬರು ಆ ಮಸಿ ಮೋರೆಯನ್ನು ನೋಡಿದರು. ಎಮ್ಮೆಯಿಂದ ಹಿಡಿದು ಎಲ್ಲ ಕತೆ ಹೇಳಿಸಿದರು. ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

"ಹೆದರಬೇಡಿ ತಾಯಿ. ಬೇಕಂತಲೇ ಬೆಂಕಿ ಇಟ್ಟವರಿಗೆ ಪರಿಹಾರ ಇಲ್ಲ. ತಿಳಿಯದೆ ತಪ್ಪು ಮಾಡಿದವರಿಗೆ ಇದ್ದೇ ಇದೆ. ಮನುಷ್ಯರು ತಪ್ಪೇ ಮಾಡದಿದ್ದರೆ ವಿಮೆ ಯಾಕೆ ಬೇಕಿತ್ತು?"

ಹಾಲಮ್ಮ ಅತ್ತಳು, ಸಾಹೇಬರಿಗೆ ಚಹಾ ಕೊಟ್ಟಳು, ಸಕ್ಕರೆ ಹಾಕುವುದು ಮರೆತಳು. ಅವರು ಕುಡಿದು ಹೊರಡುವಾಗ ಬಕ್ಕೇಶನ ಹೆಗಲು ತಟ್ಟಿದರು. ವಿಮೆ ಇದೆಯಲ್ಲ ಅಂತ ಮೈ ಮರೆಯಬಾರದು, ನಮಗೆ ವಿಮೆಯೇ ಇಲ್ಲ ಅಂದುಕೊಂಡು ಬದುಕಬೇಕು, ತಿಳಿಯಿತಾ ಅಂದರು. ತಿಳಿಯಿತು ಸಾರ್, ಹಂಗೇ ಮಾಡ್ತೀನಿ ಅಂದ ಬಕ್ಕೇಶ. ಹಿಗ್ಗಿನಲ್ಲಿದ್ದ ಹಾಲಮ್ಮ ಈ ಮಾತಿಗೆ ಕಿವಿ ಕೊಡಲಿಲ್ಲ.

ಮುಂದಿನ ತಿಂಗಳು ಅವಳು ನೀರಿಗೆ ಹೋಗಿದ್ದಾಗ ಕಂಪನಿಯವನೊಬ್ಬ ಪರಿಹಾರದ ಚೆಕ್ ಹಿಡಿದು ಬಂದ. ಹಾಲಮ್ಮನವರ ವಿಮೆ ಅಲ್ಲವೇನಪ್ಪಾ ಅಂತ ಕೇಳಿದ. ನಮಗೆ ವಿಮೆಯೇ ಇಲ್ಲ ಸಾರ್, ದೊಡ್ಡ ಸಾಹೇಬರೇ ಹೇಳ್ಯಾರೆ ಅಂತ ಬಕ್ಕೇಶ ಕೈ ಮುಗಿದು ಅವನನ್ನು ಬಸ್ಸಿನ ತನಕ ಬಿಟ್ಟುಬಂದ.

ವಿಷಯ ತಿಳಿದ ಹಾಲಮ್ಮ ಕೊಡ ಅಲ್ಲೇ ಕುಕ್ಕಿ ಸೀರೆ ಎತ್ತಿ ಕಟ್ಟಿ ಓಡಿದಳು. ಹೊರಟಿದ್ದ ಬಸ್ಸಿಗೆ ಅಡ್ಡ ನಿಂತಳು. ಡ್ರೈವರ್ ಬೈದ, ಅವಳು ಕದಲಲಿಲ್ಲ. ಕಿಟಕಿಯಿಂದ ಚೆಕ್ ಕೈಗೆ ಬಂದಾಗ ಕಣ್ಣಿಗೊತ್ತಿಕೊಂಡಳು.

ಹಿಂದೆಯೇ ಓಡಿಬಂದ ಬಕ್ಕೇಶ ಗಾಬರಿಯಿಂದ ಆ ಚೆಕ್ಕಿನ ತುದಿ ಹಿಡಿದ. "ವಾಪಸ್ ಕೊಡವ್ವಾ. ಅದು ಬೇರೆ ಯಾರದೋ. ನಮಗೆ ವಿಮೆ ಇಲ್ಲ."

ಬಸ್ಸಿನ ತುಂಬ ಜನ ನೋಡುತ್ತಿದ್ದರು. ಹಾಲಮ್ಮ ಬೈಯಲಿಲ್ಲ. ಈ ಸಲ ಬುದ್ಧಿಯನ್ನೂ ಹೇಳಲಿಲ್ಲ.

"ನಿನಗಿಲ್ಲ ಕಣಪ್ಪಾ" ಅಂದಳು. "ನನಗೈತೆ."

ಹಂಗಾದ್ರೆ ಸರಿ ಬಿಡವ್ವಾ ಅಂದ ಬಕ್ಕೇಶ, ಚೆಕ್ ಬಿಟ್ಟ.