ಬಸ್ತಿಯ ಚೀಲ

"ಗುರುಗಳೇ, ಬಸ್ತಿ ಎಂದರೇನು?" ಎಂದು ಶಿಷ್ಯ ತ್ರಿವಿಕ್ರಮ ಕೇಳಿದ.

ಕರುಳು ತೊಳೆಯುವ ಆ ಚಿಕಿತ್ಸೆಯ ಶ್ಲೋಕಗಳೆಲ್ಲ ಅವನಿಗೆ ಬಾಯಿಪಾಠ; ಹೆಸರಿನ ಅರ್ಥ ಮಾತ್ರ ಗೊತ್ತಿರಲಿಲ್ಲ. ಹೊರಜಗಲಿಯಲ್ಲಿ ಮಲ ಕಟ್ಟಿದ ಮುದುಕನೊಬ್ಬ ನರಳುತ್ತಿದ್ದ. ಕಷಾಯ ಸಿದ್ಧವಾಗಿತ್ತು. ಅದನ್ನು ತುಂಬಬೇಕಾದ ಚೀಲವನ್ನು ಕಂಡದ್ದೇ ತ್ರಿವಿಕ್ರಮ ಕೈ ಹಿಂದಕ್ಕೆ ಕಟ್ಟಿಕೊಂಡಿದ್ದ.

"ಬಸ್ತಿ ಎಂದರೆ ಮೂತ್ರಚೀಲ," ಎಂದರು ಗುರುಗಳು. "ಇದು ಮೇಕೆಯದ್ದು. ತೊಳೆದು, ಹದಮಾಡಿ, ಕೊಳವೆ ಕಟ್ಟಿ ಹಿಂಡುತ್ತೇವೆ. ಚೀಲದ ಹೆಸರೇ ಚಿಕಿತ್ಸೆಗೂ ನಿಂತಿತು."

ತ್ರಿವಿಕ್ರಮ ಒಂದು ಹೆಜ್ಜೆ ಹಿಂದೆ ಸರಿದ. "ಶಾಸ್ತ್ರದ ಮಾತಿಗೆ ಇಂಥ ಹುಟ್ಟೇ? ಇದನ್ನು ನಾನು ಮುಟ್ಟಬೇಕೇ?"

ಗುರುಗಳು ಕತೆ ಹೇಳಿದರು.

ಒಬ್ಬ ಪುರೋಹಿತನಿಗೆ ಮಲ ಕಟ್ಟಿತು. ಹೊಟ್ಟೆ ನಗಾರಿಯಾಯಿತು. ವೈದ್ಯ ಕಟುಕನ ಮನೆಯಿಂದ ಚೀಲ ತಂದ. "ಮೈಲಿಗೆ! ರೇಷ್ಮೆಯದ್ದು ತಾ," ಎಂದು ಪುರೋಹಿತ ಕೂಗಿದ. ರೇಷ್ಮೆ ಸೋರಿತು, ಕಷಾಯವನ್ನೆಲ್ಲ ಹಾಸಿಗೆ ಕುಡಿಯಿತು. ಬೆಳ್ಳಿಯ ಚೊಂಬು ತರಿಸಿದ. ಅಳಿಯಂದಿರಿಬ್ಬರು ಕೂತು ಹಿಂಡಿದರು. ಅವರ ಮುಖ ಕೆಂಪಾಯಿತು. ಚೊಂಬು ತಣ್ಣಗೆ ಕೂತಿತ್ತು. ಕೊನೆಗೆ ಪುರೋಹಿತ, "ಮೇಕೆಯದ್ದೋ ಕೋಣನದ್ದೋ, ಹಾಕಯ್ಯಾ!" ಎಂದು ಅರಚಿದ. ವೈದ್ಯ ಹಾಕಿದ. ಪುರೋಹಿತ ಹಿತ್ತಲಿಗೆ ಓಡಿದ ಓಟದಲ್ಲಿ ಜನಿವಾರವನ್ನು ಕಿವಿಗೇರಿಸಲೂ ಪುರುಸೊತ್ತಾಗಲಿಲ್ಲ.

ಹಗುರಾದ ಮೇಲೆ ಚೀಲವನ್ನು ಸುಡಿಸಿ ತಲೆಗೆ ಸ್ನಾನ ಮಾಡಿದ.

ಮರುದಿನ ಕಟುಕ ಆ ಬೀದಿಗೆ ಬಂದ. "ಥೂ, ದೂರ ನಿಲ್ಲೋ!" ಎಂದ ಪುರೋಹಿತ.

"ನನ್ನ ಮೇಕೆ ಎಲ್ಲೆಲ್ಲಿಗೋ ಹೋಗಿಬಂತಲ್ಲ ಸ್ವಾಮಿ, ನಾನು ಬೀದಿಗೂ ಬರಬಾರದೇ?"

"ಚೀಲಕ್ಕೆ ಶಾಸ್ತ್ರದಲ್ಲಿ ಹೆಸರಿದೆ. ನಿನಗೆಲ್ಲಿದೆಯೋ?"

ಕಟುಕ ಬಂದ ದಾರಿಯಲ್ಲೇ ಹೊರಟುಹೋದ.

ಯಾರದೋ ಶ್ರಾದ್ಧದಲ್ಲಿ ವಡೆ ತಿಂದು ಪುರೋಹಿತನಿಗೆ ಮತ್ತೆ ಕಟ್ಟಿತು. ವೈದ್ಯ ಓಡಿ ಹೋಗಿ ಕಟುಕನನ್ನು ಚೀಲ ಕೇಳಿದ. ಕಟುಕ ಕತ್ತಿ ಮಸೆಯುವುದನ್ನು ನಿಲ್ಲಿಸಲಿಲ್ಲ. "ಶಾಸ್ತ್ರದಲ್ಲಿ ಹೆಸರಿದೆಯಂತಲ್ಲ, ಆ ಹೆಸರನ್ನೇ ಹಾಕಿಸಿಕೊಳ್ಳಲಿ. ಚೀಲ ಮೇಕೆಯ ಹೊಟ್ಟೆಯಲ್ಲೇ ಇರಲಿ," ಎಂದ.

ಗುರುಗಳು ಕಷಾಯದ ಬಿಸಿ ನೋಡಿದರು. ಹೊರಗೆ ಮುದುಕ, "ಅಯ್ಯಪ್ಪಾ, ಇನ್ನೂ ಎಷ್ಟು ಹೊತ್ತು?" ಎಂದು ನರಳಿದ.

"ಆಮೇಲೆ ಏನಾಯಿತು?" ಎಂದು ತ್ರಿವಿಕ್ರಮ ಕೇಳಿದ.

"ಪುರೋಹಿತ 'ಬಸ್ತಿ, ಬಸ್ತಿ' ಎಂದು ಸಂಜೆಯವರೆಗೆ ಜಪಿಸಿದ; ಪಾಪ, ಹೊಟ್ಟೆಗೆ ಸಂಸ್ಕೃತ ಬರುತ್ತಿರಲಿಲ್ಲ."

ತ್ರಿವಿಕ್ರಮ ಚೀಲಕ್ಕೆ ಕೈ ಚಾಚಿದ.